ಮೊದಲು ಗಾಳಿ ಅಳೆಯಿರಿ, ಆಮೇಲೆ ಕಂಬ ನೆಡಿ: ಮೈಸೂರು–ಮಂಡ್ಯ ಸೀಮೆಯ ಹಳ್ಳಿಗೆ ಗಾಳಿ ವಿದ್ಯುತ್

ಮೈಸೂರು–ಮಂಡ್ಯ ಸೀಮೆ ಗಾಳಿಗೆ ಹೆಸರಾದದ್ದಲ್ಲ. ರಾಜ್ಯದ ದೊಡ್ಡ ಗಾಳಿಯಂತ್ರಗಳು ಹೆಚ್ಚಾಗಿ ನಿಂತಿರುವುದು ಚಿತ್ರದುರ್ಗ, ಗದಗ, ಕೊಪ್ಪಳ, ವಿಜಯಪುರದ ಕಡೆ. ಕಾವೇರಿ ಬಯಲಿನ ಗದ್ದೆ, ತೆಂಗಿನ ತೋಟಗಳ ನಡುವೆ ಅಂಥ ಯಂತ್ರ ನಿಲ್ಲಿಸಿ ಲಾಭ ಮಾಡುತ್ತೇನೆಂದು ಹೊರಡುವವರಿಗೆ ಈ ಲೇಖನದಿಂದ ಉಪಯೋಗವಿಲ್ಲ. ಆದರೆ ಆಷಾಢ ಹುಟ್ಟಿದ ಮೇಲೆ ನಾಗಮಂಗಲದ ಬೋರೆಗಳ ಮೇಲೋ ಎಚ್.ಡಿ. ಕೋಟೆಯ ಕಾಡಂಚಿನ ದಿಣ್ಣೆಗಳ ಮೇಲೋ ನಿಂತವರಿಗೆ ಗೊತ್ತು, ಗಾಳಿ ಇಲ್ಲಿಯೂ ಇದೆ. ಅದು ವರ್ಷವಿಡೀ ಇರುವುದಿಲ್ಲ, ಎಲ್ಲ ಕಡೆಯೂ ಇರುವುದಿಲ್ಲ, ಅಷ್ಟೆ. ಮೋಡ ಕವಿದು ಸೌರ ಫಲಕ ಮಂಕಾಗುವ ತಿಂಗಳುಗಳಲ್ಲೇ ಅದು ಜೋರಾಗುತ್ತದೆ ಎಂಬುದು ನಮ್ಮ ಪಾಲಿನ ಅದೃಷ್ಟ. ಹಾಗಾಗಿ ಇಲ್ಲಿ ಹೇಳುತ್ತಿರುವುದು ಗಾಳಿಯೊಂದನ್ನೇ ನಂಬುವ ವ್ಯವಸ್ಥೆಯಲ್ಲ. ಬಿಸಿಲಿನ ಜೊತೆ ಗಾಳಿಯನ್ನೂ ದುಡಿಸಿಕೊಳ್ಳುವ ಚಿಕ್ಕ ವ್ಯವಸ್ಥೆ.

ಇದು ನಿಮಗೆ ಬೇಕೇ?

ಊರಿನ ಮನೆಗೆ ವಿದ್ಯುತ್ ಕಂಬದಿಂದ ಸರಿಯಾಗಿ ಕರೆಂಟ್ ಬರುತ್ತಿದ್ದರೆ ಬೇಡ. ಗಾಳಿಯಂತ್ರದ ಕರೆಂಟ್ ಯಾವ ಲೆಕ್ಕದಲ್ಲೂ ಅದಕ್ಕಿಂತ ಅಗ್ಗವಾಗುವುದಿಲ್ಲ. ವಿದ್ಯುತ್ ಮಾರ್ಗದಿಂದ ದೂರವಿರುವ ತೋಟದ ಮನೆಗಳು, ಪಂಪ್‌ಸೆಟ್ ಮಾರ್ಗದಲ್ಲಿ ದಿನಕ್ಕೆ ಕೆಲವೇ ಗಂಟೆ ಕರೆಂಟ್ ನೋಡುವ ಒಂಟಿ ಮನೆಗಳು, ಕಾಡಂಚಿನ ಹಾಡಿಗಳು (ಆದಿವಾಸಿಗಳ ಕೇರಿಗಳು): ಇಂಥವರು ಮುಂದೆ ಓದಿ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬೋರ್‌ವೆಲ್ ಪಂಪ್ ಓಡಿಸುವ ಆಸೆ ಬಿಡಿ. ಐದು ಎಚ್‌ಪಿ ಮೋಟರ್ ಎಂದರೆ ಸುಮಾರು 3.7 ಕಿಲೋವ್ಯಾಟ್. ನಾವು ಮಾತನಾಡುತ್ತಿರುವ ಯಂತ್ರ ನಮ್ಮ ಗಾಳಿಗೆ ಹೆಚ್ಚಿನ ಹೊತ್ತು ಕೊಡುವುದು ನೂರಿನ್ನೂರು ವ್ಯಾಟ್. ದೀಪ, ಫ್ಯಾನ್, ಮೊಬೈಲ್, ಟಿವಿ, ಬೀದಿ ದೀಪ ಇವಕ್ಕೆ ಅದು ಸಾಕು.

ಹೆಜ್ಜೆ 1: ಎಷ್ಟು ಬೇಕು ಎಂದು ಬರೆದುಕೊಳ್ಳಿ

ಹನ್ನೆರಡು ಮನೆಗಳ ಒಂದು ಹಾಡಿಯನ್ನು ಉದಾಹರಣೆಗೆ ಹಿಡಿಯೋಣ. ಮನೆಗೆ 9 ವ್ಯಾಟಿನ ಮೂರು ಎಲ್‌ಇಡಿ ಬಲ್ಬು, ದಿನಕ್ಕೆ ಐದು ಗಂಟೆ. ಕಡಿಮೆ ಕರೆಂಟ್ ಎಳೆಯುವ, 30 ವ್ಯಾಟಿನ ಒಂದು ಬಿಎಲ್‌ಡಿಸಿ ಫ್ಯಾನ್, ಎಂಟು ಗಂಟೆ. ಎರಡು ಮೊಬೈಲ್. ಒಟ್ಟು ಮನೆಯೊಂದಕ್ಕೆ ಸುಮಾರು 400 ವ್ಯಾಟ್-ಗಂಟೆ. ಹನ್ನೆರಡು ಮನೆಗೆ 5 ಯುನಿಟ್‌ಗೆ ಸ್ವಲ್ಪ ಕಡಿಮೆ (ಸಾವಿರ ವ್ಯಾಟ್-ಗಂಟೆ ಎಂದರೆ ಒಂದು ಯುನಿಟ್). 20 ವ್ಯಾಟಿನ ನಾಲ್ಕು ಬೀದಿ ದೀಪ ರಾತ್ರಿಯಿಡೀ ಉರಿದರೆ 0.9 ಯುನಿಟ್, ಎಲ್ಲರೂ ಕೂಡಿ ನೋಡುವ ಒಂದು ಟಿವಿಗೆ ಕಾಲು ಯುನಿಟ್. ಅಲ್ಲಿಗೆ ದಿನಕ್ಕೆ 6 ಯುನಿಟ್ ಬಳಕೆ. ಬ್ಯಾಟರಿ, ಇನ್ವರ್ಟರ್, ವೈರುಗಳಲ್ಲಿ ಸೋರಿ ಹೋಗುವುದನ್ನು ಸೇರಿಸಿದರೆ 8 ಯುನಿಟ್ ಉತ್ಪಾದನೆ ಬೇಕು.

ಅದೇ ಮನೆಗಳಲ್ಲಿ 75 ವ್ಯಾಟಿನ ಹಳೆಯ ಫ್ಯಾನ್‌ಗಳಿದ್ದರೆ ಫ್ಯಾನ್‌ಗೇ 7 ಯುನಿಟ್ ದಾಟುತ್ತದೆ. ಹಳೆಯ ಫ್ಯಾನ್ ಬದಲಿಸುವುದು ಹೊಸ ಗಾಳಿಯಂತ್ರ ಕೊಳ್ಳುವುದಕ್ಕಿಂತ ಎಷ್ಟೋ ಅಗ್ಗ. ಉತ್ಪಾದನೆಯ ಮಾತಿಗೆ ಮುಂಚೆ ಉಳಿತಾಯದ ಈ ಕೆಲಸ ಮುಗಿಸಿ.

ಕಬ್ಬಿಣದ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ವಿದ್ಯುತ್ ಒಲೆ ಇವನ್ನು ಈ ಮಾರ್ಗಕ್ಕೆ ಹಾಕಬಾರದೆಂದು ಈಗಲೇ ಎಲ್ಲರ ಮುಂದೆ ತೀರ್ಮಾನವಾಗಲಿ. ಒಂದು ಮನೆಯ ಕಾಯಿಲ್ ಒಂದು ಗಂಟೆಯಲ್ಲಿ ಮೂರು ಮನೆಯ ದಿನದ ಪಾಲನ್ನು ನುಂಗುತ್ತದೆ.

ಹೆಜ್ಜೆ 2: ಗಾಳಿಯನ್ನು ಅಳೆಯಿರಿ

ಈ ಕೆಲಸದಲ್ಲಿ ಹಣ ಕಳೆದುಕೊಂಡವರೆಲ್ಲ ಕಳೆದುಕೊಂಡದ್ದು ಈ ಹೆಜ್ಜೆಯನ್ನು ಹಾರಿಸಿ ಎಂದೇ ನನ್ನ ಅಭಿಪ್ರಾಯ. ಕಾರಣ ಸರಳ: ಗಾಳಿಯಲ್ಲಿರುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟು. ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟರಲ್ಲಿ ಒಂದು ಪಾಲು. 'ನಮ್ಮಲ್ಲಿ ಚೆನ್ನಾಗಿ ಗಾಳಿ ಬೀಸುತ್ತದೆ' ಎಂಬ ಮಾತು ಸೆಕೆಂಡಿಗೆ 3 ಮೀಟರಿಗೂ ಹೊಂದುತ್ತದೆ, 5 ಮೀಟರಿಗೂ ಹೊಂದುತ್ತದೆ. ಇವೆರಡರ ನಡುವೆ ಕರೆಂಟಿನಲ್ಲಿ ನಾಲ್ಕು ಪಟ್ಟಿಗಿಂತ ಹೆಚ್ಚಿನ ಅಂತರವಿದೆ.

ಮೊದಲು ಭೂಪಟ ನೋಡಿ. ಚೆನ್ನೈನಲ್ಲಿರುವ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ದೇಶದ ಗಾಳಿಯ ಭೂಪಟಗಳನ್ನು ಪ್ರಕಟಿಸಿದೆ. ಗ್ಲೋಬಲ್ ವಿಂಡ್ ಅಟ್ಲಾಸ್ ಎಂಬ ಉಚಿತ ಜಾಲತಾಣದಲ್ಲಿ ನಿಮ್ಮ ಊರಿನ ಮೇಲೆ ಬೆರಳಿಟ್ಟು ನೋಡಬಹುದು. ಆದರೆ ಎಚ್ಚರ, ಭೂಪಟಗಳು ಸಾಮಾನ್ಯವಾಗಿ ಹೇಳುವುದು 50, 100 ಮೀಟರ್ ಎತ್ತರದ ಗಾಳಿಯನ್ನು. ನಿಮ್ಮ ಕಂಬ 18 ಅಥವಾ 20 ಮೀಟರ್. ಭೂಪಟದ ಅಂಕಿಯನ್ನು ಹಾಗೆಯೇ ಲೆಕ್ಕಕ್ಕೆ ಹಾಕಿದರೆ ಕಾಗದದ ಮೇಲೆ ಊರೆಲ್ಲ ಬೆಳಗುತ್ತದೆ.

ಭೂಪಟ ಆಸೆ ಹುಟ್ಟಿಸಿದರೆ ಕಣ್ಣಿನ ಅಳತೆಗೆ ಬನ್ನಿ. ಮುಖಕ್ಕೆ ಗಾಳಿ ತಗುಲಿ ಎಲೆ ಸರಪರ ಎನ್ನುತ್ತಿದ್ದರೆ ಅದು ಸೆಕೆಂಡಿಗೆ 2ರಿಂದ 3 ಮೀಟರ್. ಯಂತ್ರ ತಿರುಗಲು ಶುರುಮಾಡುವುದೇ ಅಲ್ಲಿಂದ ಮೇಲೆ. ಎಲೆ ಮತ್ತು ಸಣ್ಣ ರೆಂಬೆ ಬಿಡುವಿಲ್ಲದೆ ಅಲುಗುತ್ತಿದ್ದರೆ 3.5ರಿಂದ 5.5. ದೂಳು ಎದ್ದು ಕಾಗದದ ಚೂರು ಹಾರುತ್ತಿದ್ದರೆ 5.5ರಿಂದ 8. ಅರಳಿ ಮರವನ್ನು ಮಾತ್ರ ಸಾಕ್ಷಿಗೆ ಕರೆಯಬೇಡಿ, ಯಾರಾದರೂ ನಿಟ್ಟುಸಿರು ಬಿಟ್ಟರೂ ಅದರ ಎಲೆ ನಡುಗುತ್ತದೆ. ಬೋರೆಯ ಮೇಲಿನ ಒಂಟಿ ಮರಗಳು ಒಂದೇ ದಿಕ್ಕಿಗೆ, ಪೂರ್ವ ಅಥವಾ ಈಶಾನ್ಯಕ್ಕೆ, ವಾಲಿ ಬೆಳೆದಿದ್ದರೆ ಅದು ವರ್ಷಗಳ ದಾಖಲೆ. ನೈಋತ್ಯದ ಮುಂಗಾರು ಗಾಳಿ ಅಲ್ಲಿ ತನ್ನ ಸಹಿ ಹಾಕಿದೆ.

ಕೊನೆಗೆ ಉಪಕರಣದ ಅಳತೆ. ಬಟ್ಟಲುಗಳು ತಿರುಗುವ ಗಾಳಿಮಾಪಕವೊಂದನ್ನು ದಾಖಲೆ ಇಟ್ಟುಕೊಳ್ಳುವ ಪೆಟ್ಟಿಗೆಯೊಂದಿಗೆ ಕೊಂಡು, ಕನಿಷ್ಠ 10 ಮೀಟರ್ ಎತ್ತರದ ಕೊಳವೆಗೆ ಕಟ್ಟಿ ಒಂದು ವರ್ಷ ಬಿಡಿ. ಒಂದು ವರ್ಷ ಕಾಯಲಾಗದಿದ್ದರೆ ಜೂನ್‌ನಿಂದ ಸೆಪ್ಟೆಂಬರ್, ಜೊತೆಗೆ ಚಳಿಗಾಲದ ಎರಡು ತಿಂಗಳಾದರೂ ಆಗಲೇಬೇಕು. ಆಷಾಢದ ಅಂಕಿಯೊಂದನ್ನೇ ಹಿಡಿದು ಲೆಕ್ಕ ಹಾಕುವುದು ದಸರೆಯ ವಾರದ ವ್ಯಾಪಾರ ನೋಡಿ ಅಂಗಡಿ ಕೊಂಡಂತೆ.

ಯಂತ್ರ ಕೂರುವ ಎತ್ತರದಲ್ಲಿ ವಾರ್ಷಿಕ ಸರಾಸರಿ ಸೆಕೆಂಡಿಗೆ 4 ಮೀಟರ್ ಮುಟ್ಟದಿದ್ದರೆ ಯೋಜನೆ ಅಲ್ಲಿಗೇ ನಿಲ್ಲಿಸಿ, ಇರುವ ಹಣಕ್ಕೆಲ್ಲ ಸೌರ ಫಲಕ ತನ್ನಿ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಮ್ಮ ಎರಡೂ ಜಿಲ್ಲೆಗಳ ಬಹುಪಾಲು ಊರುಗಳಿಗೆ ಅದೇ ಸರಿಯಾದ ಉತ್ತರ.

ಹೆಜ್ಜೆ 3: ಜಾಗ

ನಾಲೆಯ ನೀರು ಬಂಡೆಗೆ ಬಡಿದು ಹಿಂಬದಿಯಲ್ಲಿ ಸುಳಿ ಸುತ್ತುವುದನ್ನು ನೋಡಿರುತ್ತೀರಿ. ಮರ, ಮನೆಗಳ ಹಿಂದೆ ಗಾಳಿಯೂ ಹಾಗೆಯೇ ಸುಳಿಯಾಗುತ್ತದೆ. ಈ ಸುಳಿ ಅಡ್ಡಿಯ ಎತ್ತರದ ಎರಡರಷ್ಟು ಮೇಲಕ್ಕೆ, ಇಪ್ಪತ್ತರಷ್ಟು ಹಿಂದಕ್ಕೆ ಹರಡುತ್ತದೆ ಎಂಬುದು ಈ ಕಸುಬಿನವರ ಲೆಕ್ಕ. 15 ಮೀಟರ್ ಎತ್ತರದ ತೆಂಗಿನ ಸಾಲಿನ ಹಿಂದೆ 300 ಮೀಟರ್‌ವರೆಗೂ ಗಾಳಿ ಕೆಟ್ಟಿರುತ್ತದೆ. ಸುಳಿಗಾಳಿಯಲ್ಲಿ ಕರೆಂಟ್ ಕಡಿಮೆ ಬರುವುದಷ್ಟೇ ಅಲ್ಲ, ಯಂತ್ರ ಸದಾ ಅತ್ತಿತ್ತ ಹೊಯ್ದಾಡಿ ಬೇರಿಂಗ್ ಮತ್ತು ರೆಕ್ಕೆಗಳು ಬೇಗ ಸವೆಯುತ್ತವೆ.

ಆದ್ದರಿಂದ ಗದ್ದೆ ಬಯಲಿನ ತೋಟದ ಮಧ್ಯೆ ಜಾಗ ಹುಡುಕಬೇಡಿ. ಪಶ್ಚಿಮ, ನೈಋತ್ಯ ತೆರೆದಿರುವ ಬೋರೆ ಅಥವಾ ದಿಣ್ಣೆಯ ನೆತ್ತಿ ಒಳ್ಳೆಯದು. ಕಡಿದಾದ ಬಂಡೆಯ ಅಂಚಿಗಿಂತ ನುಣುಪಾಗಿ ಏರುವ ಇಳಿಜಾರು ಮೇಲು. ಕಂಬದಿಂದ ನೂರು, ನೂರೈವತ್ತು ಮೀಟರ್ ದೂರದೊಳಗೆ ಇರುವ ಅತಿ ಎತ್ತರದ ಅಡ್ಡಿಗಿಂತ ರೆಕ್ಕೆಯ ಕೆಳತುದಿ ಕನಿಷ್ಠ 10 ಮೀಟರ್ ಮೇಲಿರಬೇಕು. ಇಂದು ಎಳೆಯದಾಗಿರುವ ಸಿಲ್ವರ್ ಓಕ್ ಹತ್ತು ವರ್ಷದಲ್ಲಿ ಎಷ್ಟು ಎತ್ತರವಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಸುಳಿ ಎಲ್ಲಿಯವರೆಗಿದೆ ಎಂದು ಕಂಡುಕೊಳ್ಳಲು ಖರ್ಚಿಲ್ಲದ ಉಪಾಯವಿದೆ, ಅದಕ್ಕೆ ಕಾಲವೂ ಆಷಾಢವೇ. ದೊಡ್ಡ ಗಾಳಿಪಟದ ದಾರಕ್ಕೆ ಎರಡೆರಡು ಮೀಟರಿಗೊಂದು ಬಣ್ಣದ ರಿಬ್ಬನ್ ಕಟ್ಟಿ ಹಾರಿಸಿ. ಕೆಳಗಿನ ರಿಬ್ಬನ್‌ಗಳು ಸುತ್ತಿ ಸುತ್ತಿ ಒದ್ದಾಡುತ್ತಿರುತ್ತವೆ. ಒಂದು ಎತ್ತರದ ಮೇಲೆ ಎಲ್ಲವೂ ಒಂದೇ ದಿಕ್ಕಿಗೆ ನೆಟ್ಟಗೆ ಚಾಚುತ್ತವೆ. ಅಲ್ಲಿಂದ ಮೇಲೆ ಯಂತ್ರದ ಜಾಗ. ವಿದ್ಯುತ್ ತಂತಿ ಹತ್ತಿರವಿರುವ ಕಡೆ ಇದನ್ನು ಮಾಡಬೇಡಿ, ಹುಡುಗರ ಕೈಗೆ ಮಾಂಜಾ ದಾರ ಕೊಡಬೇಡಿ.

ಮನೆಯ ತಾರಸಿಯ ಮೇಲೆ ಇಡುವ, ನೆಟ್ಟಗೆ ನಿಂತ ಅಕ್ಷದ ಸುತ್ತ ತಿರುಗುವ ಚಂದದ ಯಂತ್ರಗಳ ಚಿತ್ರ ಮೊಬೈಲಿನಲ್ಲಿ ಓಡಾಡುತ್ತಿರುತ್ತದೆ. ತಾರಸಿಯ ಮೇಲೆ ಗಾಳಿ ಸುಳಿಯುತ್ತದೆ, ಕಂಪನ ಗೋಡೆಗಿಳಿಯುತ್ತದೆ, ಕರೆಂಟ್ ಅಷ್ಟಕ್ಕಷ್ಟೆ. ಬೇಡ.

ಹೆಜ್ಜೆ 4: ಒಪ್ಪಿಗೆಗಳು

ಜಾಗ ಗೊತ್ತಾದ ಕೂಡಲೇ, ಯಂತ್ರಕ್ಕೆ ಮುಂಗಡ ಕೊಡುವುದಕ್ಕೆ ಮುಂಚೆ, ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಿ. ಗೋಮಾಳವಾದರೆ ಕಂದಾಯ ಇಲಾಖೆಯ ಮಾತೂ ಬರುತ್ತದೆ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಎತ್ತರದ ಕಂಬಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರದ ನಿರಾಕ್ಷೇಪಣೆ ಕೇಳಬೇಕಾಗಬಹುದು. ರಂಗನತಿಟ್ಟು, ಕೊಕ್ಕರೆಬೆಳ್ಳೂರಿನ ಸುತ್ತಮುತ್ತ ಈ ಯೋಚನೆಯನ್ನೇ ಕೈಬಿಡಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಯಂಥ ದೊಡ್ಡ ಹಕ್ಕಿಗಳು ಹಾರುವ ದಾರಿಯಲ್ಲಿ, ಕಂಬವನ್ನು ಬಿಗಿದು ಹಿಡಿಯುವ ಸ್ಟೇ ವೈರ್‌ಗಳನ್ನು ಎಳೆದು ನಿಲ್ಲಿಸುವುದು ಸರಿಯಲ್ಲ.

ಹಾಡಿಯವರಿಗೆ ಒಂದು ಮುಖ್ಯ ವಿಷಯ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು ಶಾಲೆ, ಅಂಗನವಾಡಿ, ಕುಡಿಯುವ ನೀರು, ವಿದ್ಯುತ್ ಮಾರ್ಗಗಳ ಜೊತೆಗೆ ಅಸಾಂಪ್ರದಾಯಿಕ ಇಂಧನ ಮೂಲಗಳಿಗೂ ಅರಣ್ಯ ಭೂಮಿ ಬಳಸಲು ಅವಕಾಶ ಕೊಡುತ್ತದೆ. ಪ್ರತಿ ಕೆಲಸಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75 ಮರ ಮೀರದ ಕಡಿತ, ಮತ್ತು ಗ್ರಾಮಸಭೆಯ ಶಿಫಾರಸು ಎಂಬುದು ಷರತ್ತು. 'ಕಾಡಿನೊಳಗೆ ಏನೂ ಮಾಡುವಂತಿಲ್ಲ' ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ ಈ ಕಲಮನ್ನು ಮುಂದಿಟ್ಟು ಲಿಖಿತ ಉತ್ತರ ಕೇಳಿ. ಗ್ರಾಮಸಭೆಯ ನಡಾವಳಿಯ ದೃಢೀಕೃತ ಪ್ರತಿ ನಿಮ್ಮ ಕೈಯಲ್ಲಿರಲಿ.

ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಮಾರ್ಗಕ್ಕೆ ಜೋಡಿಸದ, ತನ್ನ ಪಾಡಿಗೆ ತಾನಿರುವ ವ್ಯವಸ್ಥೆಯನ್ನೇ ನಾನು ಇಲ್ಲಿ ಹೇಳುತ್ತಿರುವುದು. ಮನೆಗೆ ನಿಗಮದ ಕರೆಂಟ್ ಕೂಡ ಇದ್ದರೆ ಎರಡರ ನಡುವೆ, ಒಮ್ಮೆಗೆ ಒಂದೇ ಕಡೆಯ ಕರೆಂಟ್ ಬಿಡುವ ಚೇಂಜ್‌ಓವರ್ ಸ್ವಿಚ್ ಕಡ್ಡಾಯ. ಮಾರ್ಗ ಬಂದ್ ಮಾಡಿ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಇನ್ವರ್ಟರಿನ ಕರೆಂಟ್ ಹಿಂದಿನಿಂದ ಹೊಡೆದರೆ ಪ್ರಾಣವೇ ಹೋಗುತ್ತದೆ.

ಹೆಜ್ಜೆ 5: ಯಂತ್ರದ ಆಯ್ಕೆ

ಮಾರುವವರು ಮೊದಲು ಹೇಳುವುದು ಕಿಲೋವ್ಯಾಟ್. ನೀವು ಮೊದಲು ಕೇಳಬೇಕಾದ್ದು ರೆಕ್ಕೆಗಳ ವ್ಯಾಸ. '1 ಕಿಲೋವ್ಯಾಟ್' ಎಂದು ಬರೆದ ಯಂತ್ರ ಅಷ್ಟು ಕೊಡುವುದು ಸಾಮಾನ್ಯವಾಗಿ ಸೆಕೆಂಡಿಗೆ 11, 12 ಮೀಟರ್ ಗಾಳಿಗೆ, ಅಂದರೆ ಗಂಟೆಗೆ 40 ಕಿಲೋಮೀಟರ್ ಮೀರಿ ಬೀಸಿದಾಗ. ಅಂಥ ಗಾಳಿಗೆ ನಮ್ಮಲ್ಲಿ ಜನ ಹೆಂಚು ನೋಡಲು ಹೊರಗೆ ಓಡಿಬರುತ್ತಾರೆ.

3 ಮೀಟರ್ ವ್ಯಾಸದ ಯಂತ್ರ ಸುಮಾರು 7 ಚದರ ಮೀಟರ್ ಗಾಳಿಯನ್ನು ಹಿಡಿಯುತ್ತದೆ. ಗಾಳಿಯ ಶಕ್ತಿಯಲ್ಲಿ ಯಾವ ಯಂತ್ರವೂ ಶೇ 59.3ಕ್ಕಿಂತ ಹೆಚ್ಚು ಹಿಂಡಲಾರದು. ಇದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ಲೆಕ್ಕ ಹಾಕಿ ತೋರಿಸಿದ ಮಿತಿ. ಸಣ್ಣ ಯಂತ್ರಗಳಿಗೆ ವಾಸ್ತವದಲ್ಲಿ ಸಿಕ್ಕುವುದು ಶೇ 20–30. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿರುವುದರಿಂದ ಗಾಳಿಯೂ ಸ್ವಲ್ಪ ತೆಳು. ಇದನ್ನೆಲ್ಲ ಹಿಡಿದು ನೋಡಿದರೆ ಸರಾಸರಿ 3 ಮೀಟರ್ ವೇಗದ ತಿಂಗಳಲ್ಲಿ ದಿನಕ್ಕೆ 1 ಯುನಿಟ್, 4 ಮೀಟರಿಗೆ ಎರಡೂವರೆ, 5 ಮೀಟರಿಗೆ 5 ಯುನಿಟ್ ಹತ್ತಿರ ಬರಬಹುದು.

ನಮ್ಮ ಹನ್ನೆರಡು ಮನೆಯ ಲೆಕ್ಕಕ್ಕೆ ಇದನ್ನು ತಂದರೆ: 2 ಕಿಲೋವ್ಯಾಟ್ ಸೌರ ಫಲಕ ಬಿಸಿಲಿನ ತಿಂಗಳಲ್ಲಿ ದಿನಕ್ಕೆ 8 ಯುನಿಟ್ ಕೊಡುತ್ತದೆ, ಆಗ ಗಾಳಿಯಿಂದ ಒಂದು ಯುನಿಟ್ ಬಂದರೂ ಲಾಭವೇ. ಮೋಡ ಮುಚ್ಚಿದ ಜುಲೈಯಲ್ಲಿ ಫಲಕ 4 ಯುನಿಟ್‌ಗೆ ಇಳಿದರೆ ಉಳಿದ ನಾಲ್ಕನ್ನು ಗಾಳಿ ತುಂಬುತ್ತದೆ. ಗಾಳಿಯಂತ್ರಕ್ಕೆ ಖರ್ಚು ಮಾಡಲು ನಮ್ಮ ಸೀಮೆಯಲ್ಲಿ ಇರುವ ದೊಡ್ಡ ಕಾರಣ ಇದೊಂದೇ.

ಮೂರು ರೆಕ್ಕೆಯ, ಬಾಲವಿರುವ, ಬಿರುಗಾಳಿಗೆ ತಾನಾಗಿಯೇ ಮುಖ ತಿರುಗಿಸಿಕೊಳ್ಳುವ ಮಾದರಿ ಹಳ್ಳಿಗೆ ಸೂಕ್ತ. ಸಣ್ಣ ಗಾಳಿಯಂತ್ರಗಳಿಗಿರುವ ಐಇಸಿ 61400-2 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಪರೀಕ್ಷೆಯಾಗಿದೆಯೇ ಎಂದು ಕೇಳಿ, ವರದಿ ತೋರಿಸಲಿ. ಬಿಡಿಭಾಗ ಎಲ್ಲಿ ಸಿಗುತ್ತದೆ, ಬೇರಿಂಗಿನ ನಂಬರ್ ಏನು ಎಂದು ಕೇಳಿ. ಬೇರಿಂಗ್ ಮೈಸೂರಿನ ಅಂಗಡಿಯಲ್ಲಿ ಸಿಗುವಂಥದ್ದಾದರೆ ಅರ್ಧ ಚಿಂತೆ ಮುಗಿಯಿತು.

ಹೆಜ್ಜೆ 6: ಕಂಬ

ಹಣ ಕಡಿಮೆ ಬಿದ್ದಾಗ ಎಲ್ಲರೂ ಮೊದಲು ಕತ್ತರಿಸುವುದು ಕಂಬದ ಎತ್ತರವನ್ನು. ಅದು ತಲೆಕೆಳಗಾದ ಲೆಕ್ಕ. ಬಯಲು ಜಾಗದಲ್ಲಿ 10 ಮೀಟರಿನಿಂದ 20 ಮೀಟರಿಗೆ ಏರಿದರೆ ಗಾಳಿಯ ವೇಗ ಸುಮಾರು ಶೇ 10 ಹೆಚ್ಚುತ್ತದೆ, ಶಕ್ತಿ ಶೇ 35ರಷ್ಟು. ಸುತ್ತ ಮರಗಳಿದ್ದರೆ ವ್ಯತ್ಯಾಸ ಇನ್ನೂ ಹೆಚ್ಚು. ಚಿಕ್ಕ ಯಂತ್ರಕ್ಕೆ ಎತ್ತರದ ಕಂಬ ಕೊಟ್ಟರೂ ಪರವಾಗಿಲ್ಲ, ದೊಡ್ಡ ಯಂತ್ರವನ್ನು ಗಿಡ್ಡ ಕಂಬಕ್ಕೆ ಕೂರಿಸಬೇಡಿ.

ಹಳ್ಳಿಗೆ ಸರಿಹೊಂದುವುದು ಬುಡದಲ್ಲಿ ಕೀಲಿದ್ದು ಮಲಗಿಸಿ ಎಬ್ಬಿಸಬಹುದಾದ ಉಕ್ಕಿನ ಕೊಳವೆ ಕಂಬ. ರಿಪೇರಿಗೆ ಯಾರೂ ಮೇಲೆ ಹತ್ತಬೇಕಾಗಿಲ್ಲ. ನಾಲ್ಕು ದಿಕ್ಕಿಗೆ ಸ್ಟೇ ವೈರ್. ಅವುಗಳ ಲಂಗರು ಕಂಬದ ಬುಡದಿಂದ ಕನಿಷ್ಠ ಕಂಬದ ಎತ್ತರದ ಅರ್ಧದಷ್ಟು ದೂರದಲ್ಲಿರಲಿ. ಲಂಗರಿನ ಗುಂಡಿಯ ಆಳ, ಕಾಂಕ್ರೀಟಿನ ಗಾತ್ರವನ್ನು ಮಣ್ಣು ನೋಡಿ ಎಂಜಿನಿಯರ್ ಒಬ್ಬರು ನಿರ್ಧರಿಸಬೇಕು. ಬೋರೆಯ ಗಟ್ಟಿ ಕೆಂಪು ಮಣ್ಣು ಬೇರೆ, ನಾಲೆಯ ಕೆಳಗಿನ ನೆನೆದ ಮಣ್ಣು ಬೇರೆ. ಕಾಂಕ್ರೀಟಿಗೆ ನೀರುಣಿಸಿ ಮೂರು, ನಾಲ್ಕು ವಾರ ಬಿಟ್ಟ ಮೇಲೆಯೇ ಭಾರ ಹೊರಿಸಿ.

ಕಂಬ ಬಿದ್ದರೆ ಯಾವ ಕಡೆಗೂ ಮನೆ, ದಾರಿ, ವಿದ್ಯುತ್ ತಂತಿ ಸಿಗಬಾರದು. ಕಂಬದ ಒಂದೂವರೆ ಪಟ್ಟು ದೂರ ಖಾಲಿ ಇರಲಿ. ಸ್ಟೇ ವೈರ್‌ಗೆ ದನ, ಸೈಕಲ್ ಸಿಕ್ಕಿಕೊಳ್ಳದಂತೆ ಆಳೆತ್ತರದವರೆಗೆ ಹಳದಿ ಪೈಪ್ ತೊಡಿಸಿ. ಆನೆ ಓಡಾಡುವ ಜಾಗಗಳಲ್ಲಿ ಸ್ಟೇ ವೈರ್ ಕಂಬವೇ ಬೇಡ. ಆನೆ ಮೈ ಉಜ್ಜಲು ಒರಗಿದರೆ ಒಂದು ಲಂಗರು ಕಿತ್ತು ಬರುತ್ತದೆ, ಉಳಿದ ಮೂರು ಏನೂ ಮಾಡಲಾರವು. ಅಲ್ಲಿ ಆನೆ ಕಂದಕದಿಂದ ಈಚೆ, ಊರಿನ ಕಡೆಯ ಜಾಗದಲ್ಲಿ ತಾನೇ ನಿಲ್ಲುವ ಗೋಪುರ ಕಟ್ಟಬೇಕು. ಅದಕ್ಕೆ ಹಣವಿಲ್ಲದಿದ್ದರೆ ಸೌರ ಫಲಕವೊಂದೇ ಸಾಕು.

ಹೆಜ್ಜೆ 7: ವೈರು, ಬ್ಯಾಟರಿ, ಕಂಟ್ರೋಲರ್

12 ವೋಲ್ಟ್ ವ್ಯವಸ್ಥೆ ಅಗ್ಗವೆಂದು ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ. 500 ವ್ಯಾಟ್ ಸಾಗಿಸಲು 12 ವೋಲ್ಟಿನಲ್ಲಿ 42 ಆಂಪಿಯರ್ ಹರಿಯಬೇಕು. ಯಂತ್ರದಿಂದ ಬ್ಯಾಟರಿಗೆ 30 ಮೀಟರ್ ದೂರ, 10 ಚದರ ಮಿಲಿಮೀಟರ್ ತಾಮ್ರದ ವೈರು ಎಂದಿಟ್ಟುಕೊಳ್ಳಿ. ದಾರಿಯಲ್ಲೇ ಸುಮಾರು 180 ವ್ಯಾಟ್ ಬಿಸಿಯಾಗಿ ಹೋಗುತ್ತದೆ. ಅದೇ 48 ವೋಲ್ಟಿನಲ್ಲಿ 11 ವ್ಯಾಟ್. ಹಾಡಿಗೋ ಊರಿಗೋ ಮಾಡುವುದಾದರೆ 48 ವೋಲ್ಟಿಗಿಂತ ಕೆಳಗೆ ಇಳಿಯಬೇಡಿ.

ಬ್ಯಾಟರಿ ಕನಿಷ್ಠ ಒಂದು ದಿನದ ಬಳಕೆ ತಡೆಯುವಂತಿರಲಿ. 12 ವೋಲ್ಟ್ 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿಯಲ್ಲಿ 1.8 ಯುನಿಟ್ ಇದೆ, ಬಾಳಿಕೆ ಬರಬೇಕಾದರೆ ಅರ್ಧವಷ್ಟೇ ಬಳಸಬೇಕು. ನಮ್ಮ 6 ಯುನಿಟ್‌ಗೆ ಅಂಥ ಎಂಟು ಬ್ಯಾಟರಿ, ನಾಲ್ಕರ ಎರಡು ಸಾಲು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ ಶೇ 80ರವರೆಗೆ ಬಳಸಬಹುದು, ಡಿಸ್ಟಿಲ್ಡ್ ವಾಟರ್ ತುಂಬುವ ಕೆಲಸವಿಲ್ಲ. ಆರಂಭದ ಬೆಲೆ ಮಾತ್ರ ಹೆಚ್ಚು.

ಸೌರ ಫಲಕ ಬಲ್ಲ ಎಲೆಕ್ಟ್ರಿಷಿಯನ್‌ಗಳೂ ಎಡವುವ ಒಂದು ವಿಷಯವಿದೆ. ಬ್ಯಾಟರಿ ತುಂಬಿದಾಗ ಸೌರ ಫಲಕದ ಸಂಪರ್ಕ ಕಡಿದರೆ ಏನೂ ಆಗುವುದಿಲ್ಲ. ಗಾಳಿಯಂತ್ರದ ಸಂಪರ್ಕ ಕಡಿದರೆ ಅದರ ಮೇಲಿನ ಹೊರೆ ಇಳಿದು ಅದು ಅಂಕೆ ಮೀರಿ ತಿರುಗುತ್ತದೆ, ರೆಕ್ಕೆ ಮುರಿದು ಹಾರಬಹುದು. 3 ಮೀಟರಿನ ಯಂತ್ರ ನಿಮಿಷಕ್ಕೆ 400 ಸುತ್ತು ತಿರುಗಿದರೆ ರೆಕ್ಕೆಯ ತುದಿ ಗಂಟೆಗೆ 225 ಕಿಲೋಮೀಟರ್ ವೇಗದಲ್ಲಿರುತ್ತದೆ. ಅದಕ್ಕಾಗಿ ಬ್ಯಾಟರಿಗೆ ಹೋಗುವ ಕರೆಂಟನ್ನು ಅಂಕೆಯಲ್ಲಿಡುವ, ಗಾಳಿಯಂತ್ರಕ್ಕೆಂದೇ ಮಾಡಿದ ಕಂಟ್ರೋಲರ್ ಬೇಕು, ಹೆಚ್ಚುವರಿ ಕರೆಂಟನ್ನು ಉರಿಸಿ ಹಾಕುವ ಡಂಪ್ ಲೋಡ್ ಬೇಕು. ಜೊತೆಗೆ ಯಂತ್ರದ ಮೂರು ಫೇಸ್‌ಗಳನ್ನು ಒಂದಕ್ಕೊಂದು ಸೇರಿಸಿ ತಡೆಯುವ ಬ್ರೇಕ್ ಸ್ವಿಚ್, ಕೈಗೆಟುಕುವ ಎತ್ತರದಲ್ಲಿ, ಕನ್ನಡದಲ್ಲಿ ಬರೆದ ಫಲಕದೊಂದಿಗೆ. ಈ ಸ್ವಿಚ್ಚನ್ನು ಗಾಳಿ ತಗ್ಗಿದ್ದಾಗ ಹಾಕಬೇಕು. ಬಿರುಗಾಳಿಯ ನಡುವೆ ಹಾಕಿದರೆ ಯಂತ್ರದ ಸುರುಳಿ ಸುಡಬಹುದು.

ಕಂಬಕ್ಕೂ ನಾಲ್ಕೂ ಲಂಗರಿಗೂ ಅರ್ಥಿಂಗ್, ಸಿಡಿಲಿನ ಹೊಡೆತ ತಡೆಯುವ ಸರ್ಜ್ ರಕ್ಷಕ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಬೋರೆಯ ಮೇಲಿನ ಒಂಟಿ ಕಂಬವನ್ನು ಬಿಡುವುದಿಲ್ಲ. ಬ್ಯಾಟರಿಗೆ ಗಾಳಿಯಾಡುವ ಬೀಗವಿರುವ ಕೋಣೆ, ಪ್ರತಿ ಮನೆಗೂ ಹೊರೆ ಮೀರಿದರೆ ತಾನಾಗಿಯೇ ಆರುವ ಎಂಸಿಬಿ ಸ್ವಿಚ್.

ಹೆಜ್ಜೆ 8: ನೋಡಿಕೊಳ್ಳುವವರು

ಡೆನ್ಮಾರ್ಕಿನಲ್ಲಿ ಪೌಲ್ ಲಾ ಕೂರ್ ಎಂಬ ಮೇಷ್ಟರು 1891ರಲ್ಲಿ ಆಸ್ಕೊವ್ ಎಂಬ ಹಳ್ಳಿಯಲ್ಲಿ ಗಾಳಿಯಿಂದ ವಿದ್ಯುತ್ ತೆಗೆಯುವ ಪ್ರಯೋಗ ಶುರುಮಾಡಿದರು. ಯಂತ್ರ ಮಾಡಿ ಸುಮ್ಮನಾಗದೆ, ಹಳ್ಳಿಗಳಲ್ಲಿ ಕೆಲಸ ಮಾಡುವ ಎಲೆಕ್ಟ್ರಿಷಿಯನ್‌ಗಳನ್ನೂ ತರಬೇತಿ ಕೊಟ್ಟು ತಯಾರು ಮಾಡಿದರು. ಅವರು ಮಾಡಿದ್ದರಲ್ಲಿ ನಾವು ಮೊದಲು ಅನುಕರಿಸಬೇಕಾದ್ದು ಈ ಎರಡನೆಯದನ್ನು.

ಊರಿನಲ್ಲೇ ಇರುವ, ಐಟಿಐ ಓದಿದ ಅಥವಾ ಮೋಟರ್ ರಿವೈಂಡಿಂಗ್ ಬಲ್ಲ ಇಬ್ಬರನ್ನು ಆರಿಸಿ. ಒಬ್ಬರಲ್ಲ, ಇಬ್ಬರು, ಒಬ್ಬರು ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಇನ್ನೊಬ್ಬರಿರಬೇಕು. ಕಂಬ ಎಬ್ಬಿಸುವ ದಿನ ಅವರು ನೋಡುತ್ತ ನಿಲ್ಲಬಾರದು, ಸ್ಪ್ಯಾನರ್ ಅವರ ಕೈಯಲ್ಲೇ ಇರಬೇಕು. ಅವರಿಗೆ ತಿಂಗಳ ಸಂಬಳ ನಿಗದಿ ಮಾಡಿ. ಪುಕ್ಕಟೆ ಸೇವೆ ಮೊದಲ ಯುಗಾದಿಯವರೆಗೆ ನಡೆಯುತ್ತದೆ, ಆಮೇಲೆ ಬ್ಯಾಟರಿ ಒಣಗುತ್ತದೆ.

ವಾರಕ್ಕೊಮ್ಮೆ ಕಿವಿಗೊಟ್ಟು ಯಂತ್ರದ ಸದ್ದು ಕೇಳುವುದು, ತಿಂಗಳಿಗೊಮ್ಮೆ ಬ್ಯಾಟರಿ ನೀರು ಮತ್ತು ಸ್ಟೇ ವೈರಿನ ಬಿಗಿ, ವರ್ಷಕ್ಕೊಮ್ಮೆ ಕಂಬ ಮಲಗಿಸಿ ಬೋಲ್ಟು, ಬೇರಿಂಗ್, ರೆಕ್ಕೆಯ ಅಂಚು ನೋಡುವುದು. ಇದಿಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಡಲಿ.

ಹಣದ ವಿಷಯದಲ್ಲಿ ನನ್ನ ಸಲಹೆ ಒಂದೇ: ಪ್ರತಿ ಮನೆಗೆ ಸಣ್ಣ ಮೀಟರ್ ಹಾಕಿ, ಬಳಸಿದಷ್ಟಕ್ಕೆ ವಸೂಲು ಮಾಡಿ. ತಲೆಗಿಷ್ಟು ಎಂದರೆ ಕಡಿಮೆ ಬಳಸುವವರು ಹೆಚ್ಚು ಬಳಸುವವರ ಖರ್ಚು ಹೊರಬೇಕಾಗುತ್ತದೆ, ಜಗಳ ಅಲ್ಲಿಂದಲೇ ಹುಟ್ಟುತ್ತದೆ. ಟ್ಯೂಬುಲರ್ ಬ್ಯಾಟರಿ ಕೆಲವು ವರ್ಷಗಳಿಗೊಮ್ಮೆ ಬದಲಾಗಲೇಬೇಕು. ಅದರ ಹಣ ಮೊದಲ ತಿಂಗಳಿನಿಂದಲೇ ಸ್ವಸಹಾಯ ಸಂಘದ ಖಾತೆಯಲ್ಲಿ ಬೇರೆಯಾಗಿ ಸೇರುತ್ತಿರಲಿ. ಸಂಘದ ಹೆಂಗಸರ ಕೈಯಲ್ಲಿ ಪುಸ್ತಕವಿದ್ದರೆ ವಸೂಲಿ ನಿಲ್ಲುವುದಿಲ್ಲ.

ಕಾಲದ ಲೆಕ್ಕ ಹೀಗಿರಲಿ. ಗಾಳಿಮಾಪಕ ಮೇ ತಿಂಗಳೊಳಗೆ ಮೇಲೇರಲಿ, ಮುಂಗಾರಿನ ಮೊದಲ ಬೀಸಿನಿಂದಲೇ ದಾಖಲೆಯಾಗುತ್ತದೆ. ಮರುವರ್ಷದ ಮೇ ಕಳೆದ ಮೇಲೆ ಅಂಕಿ ಮುಂದಿಟ್ಟುಕೊಂಡು ತೀರ್ಮಾನ, ಮಳೆಗಾಲದಲ್ಲಿ ಒಪ್ಪಿಗೆ ಪತ್ರಗಳ ಓಡಾಟ. ದೀಪಾವಳಿ ಮುಗಿದು ನೆಲ ಆರಿದ ಮೇಲೆ ಗುಂಡಿ ಮತ್ತು ಕಾಂಕ್ರೀಟ್, ಸಂಕ್ರಾಂತಿ ಕಳೆದು ಗಾಳಿ ತಗ್ಗಿರುವ ಬೆಳಗಿನ ಹೊತ್ತಿನಲ್ಲಿ ಕಂಬ ಎಬ್ಬಿಸುವುದು. ಏಪ್ರಿಲ್ ಮಳೆ ಬರುವಷ್ಟರಲ್ಲಿ ಅರ್ಥಿಂಗ್ ಪರೀಕ್ಷೆ ಮುಗಿದಿರಬೇಕು.